ಹಳೆಯ ಜೀಪಿನ ಇಂಧನ ವ್ಯವಸ್ಥೆ: ಟ್ಯಾಂಕಿನಿಂದ ನಾಜಲ್‌ವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವರು ಸಿಕ್ಕಾಗ, ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಪೆಟ್ರೋಲ್ ಗಾಡಿ ಮತ್ತು ಮೆಕ್ಯಾನಿಕಲ್ ಇಂಜೆಕ್ಷನ್ ಪಂಪಿನ (ಡೀಸೆಲನ್ನು ಒತ್ತಡದಿಂದ ಸಿಲಿಂಡರಿಗೆ ಚಿಮ್ಮಿಸುವ ನಾಜಲ್‌ಗಳಿಗೆ ಕಳಿಸುವ ಪಂಪು) ಡೀಸೆಲ್ ಗಾಡಿ, ಇವೆರಡರ ಬಗ್ಗೆಯೇ ಹೆಚ್ಚು. ಎಲ್ಲ ನಾಜಲ್‌ಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಗಾಡಿ ಇದರಲ್ಲಿ ಸೇರಿಲ್ಲ. ಅದರ ಒತ್ತಡ ಸಾವಿರ ಬಾರ್ ದಾಟುತ್ತದೆ (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ಇಲ್ಲಿ ಹೇಳಿದ ಕೆಲವು ವಿಧಾನಗಳು ಅದಕ್ಕೆ ಅಪಾಯಕಾರಿ.

ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಕೈ ಹಾಕುವ ಮುನ್ನ

"ಇಂಧನ ವ್ಯವಸ್ಥೆ ಕ್ಲೀನ್ ಮಾಡೋದು ಅಂದ್ರೆ ಏನೇನು ಮಾಡ್ಬೇಕು? ಎಲ್ಲಿಂದ ಶುರು ಮಾಡ್ಲಿ?"

ಟ್ಯಾಂಕಿನಿಂದ ಶುರು ಮಾಡಿ. ಹೆಚ್ಚಿನವರು ತೊಂದರೆ ಕಾಣಿಸಿಕೊಂಡ ಜಾಗಕ್ಕೇ ಮೊದಲು ಕೈ ಹಾಕುತ್ತಾರೆ. ಕಾರ್ಬುರೇಟರ್ ಬಿಚ್ಚುತ್ತಾರೆ, ಇಲ್ಲವೇ ನಾಜಲ್ ಬಿಚ್ಚುತ್ತಾರೆ. ಆದರೆ ಅಲ್ಲಿ ಸಿಗುವ ಗಸಿ ಬಹುಪಾಲು ಹುಟ್ಟುವುದು ಟ್ಯಾಂಕಿನಲ್ಲಿ. ಟ್ಯಾಂಕನ್ನು ಹಾಗೇ ಬಿಟ್ಟು ಕಾರ್ಬುರೇಟರ್ ಮಾತ್ರ ತೊಳೆದರೆ, ಮುಂದಿನ ಸಲ ಕಲ್ಲುದಾರಿಯಲ್ಲಿ ಗಾಡಿ ಕುಲುಕಿದಾಗ ತಳದ ತುಕ್ಕೆಲ್ಲ ಎದ್ದು ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಅಳತೆಯಾಗಿ ಹರಿಯುವ ಸಣ್ಣ ತೂತಿನ ತುಂಡು) ಮತ್ತೆ ಕಟ್ಟಿಕೊಳ್ಳುತ್ತದೆ.

ಇಂಧನ ಹರಿಯುವ ದಾರಿಯನ್ನೇ ಹಿಡಿದು ಹೋಗಿ: ಟ್ಯಾಂಕ್, ಅದರ ಮುಚ್ಚಳ ಮತ್ತು ಗಾಳಿಯಾಡುವ ಬ್ರೀದರ್ ಪೈಪು, ಒಳಗಿನ ಜಾಲರಿ, ಲೋಹದ ಪೈಪು, ರಬ್ಬರ್ ಪೈಪು, ಫಿಲ್ಟರ್, ಟ್ಯಾಂಕಿನಿಂದ ಇಂಧನ ಎಳೆಯುವ ಫೀಡ್ ಪಂಪ್, ಕೊನೆಗೆ ಕಾರ್ಬುರೇಟರ್ ಅಥವಾ ಇಂಜೆಕ್ಷನ್ ಪಂಪ್ ಮತ್ತು ನಾಜಲ್‌ಗಳು. ಎಲ್ಲವನ್ನೂ ಒಂದೇ ದಿನ ಬಿಚ್ಚಬೇಕಿಲ್ಲ. ಆದರೆ ಹಿಂದಿನ ಹಂತ ಸ್ವಚ್ಛವಾಗಿದೆ ಎಂದು ಖಚಿತವಾಗದೆ ಮುಂದಿನದಕ್ಕೆ ಹೋಗಬೇಡಿ.

"ಪೆಟ್ರೋಲ್ ಗಾಡಿ ಸರ್, ಬೆಂಕಿ ಭಯ. ಮನೆಯಲ್ಲೇ ಮಾಡ್ಬಹುದಾ?"

ಮಾಡಬಹುದು, ಆದರೆ ಆ ಭಯವನ್ನು ಬಿಡಬೇಡಿ. ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್. ಎಂಥ ಚಳಿಯಲ್ಲೂ ಅದರ ಆವಿ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತದೆ ಎಂದರ್ಥ. ಗಾಳಿಯಲ್ಲಿ ಶೇ. 1.4ರಷ್ಟು ಆವಿ ಸೇರಿದರೆ ಸಾಕು, ಒಂದು ಕಿಡಿಗೆ ಹತ್ತುತ್ತದೆ. ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೇ ಹರಿದು ದೂರದಲ್ಲಿರುವ ಒಲೆ, ಹೀಟರ್, ಸ್ವಿಚ್‌ವರೆಗೂ ಹೋಗುತ್ತದೆ. ಆದ್ದರಿಂದ ಮುಚ್ಚಿದ ಶೆಡ್ಡು ಬೇಡ, ಸರ್ವಿಸ್ ಪಿಟ್ ಅಂತೂ ಬೇಡವೇ ಬೇಡ. ಬಯಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ವೈರ್ ತೆಗೆದು ಕೆಲಸ ಮಾಡಿ.

ಇಂಧನ ತುಂಬುವ ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿ. ಗಾಡಿಯ ಪ್ಲಾಸ್ಟಿಕ್ ಹಾಸಿನ ಮೇಲಿಟ್ಟರೆ ಸ್ಥಿರವಿದ್ಯುತ್ ಕೂಡಿಕೊಂಡು ಕಿಡಿ ಹಾರಬಹುದು. ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟಕುವಲ್ಲಿರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ಹರಡುತ್ತದೆ. ನೈಟ್ರೈಲ್ ಕೈಗವಸು, ಕನ್ನಡಕ ಹಾಕಿಕೊಳ್ಳಿ. ತೆಗೆದ ಹಳೆಯ ಇಂಧನವನ್ನು ಚರಂಡಿಗೋ ಮಣ್ಣಿಗೋ ಸುರಿಯಬೇಡಿ, ಬಾವಿಯ ನೀರು ಕೆಡುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು ಹಳೆಯ ಆಯಿಲ್ ಸಂಗ್ರಹಿಸುವವರಿಗೆ ಕೊಡಿ.

"ಫಿಲ್ಟರ್ ಎಷ್ಟು ಕಿಲೋಮೀಟರಿಗೆ ಬದಲಾಯಿಸ್ಬೇಕು?"

ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯನ್ನು ಗರಿಷ್ಠ ಮಿತಿ ಎಂದುಕೊಳ್ಳಿ. ಆ ಅಂಕಿ ಒಳ್ಳೆಯ ರಸ್ತೆಗೆ, ಸ್ವಚ್ಛ ಟ್ಯಾಂಕಿಗೆ ಹೊಂದುವಂಥದ್ದು. ಧೂಳು, ಕೆಸರು, ಕ್ಯಾನಿನಿಂದ ಸುರಿದ ಇಂಧನ, ಹಳೆಯ ಟ್ಯಾಂಕ್ ಎಲ್ಲ ಸೇರಿದರೆ ಅದರ ಅರ್ಧಕ್ಕೇ ಬದಲಾಯಿಸುವುದು ಲೇಸು. ಟ್ಯಾಂಕ್ ತೊಳೆದ ಮೇಲಂತೂ ಮೊದಲ ಫಿಲ್ಟರನ್ನು ಬಲಿ ಕೊಡಲೆಂದೇ ಹಾಕಿ. ಉಳಿದ ಪುಡಿಯೆಲ್ಲ ಅದರಲ್ಲಿ ಸೇರುತ್ತದೆ, ಬೇಗನೆ ತೆಗೆದು ಹೊಸದು ಹಾಕಿ. ತೆಗೆದ ಫಿಲ್ಟರನ್ನು ಕತ್ತರಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೆಂಗಂದು ಪುಡಿ ಇದ್ದರೆ ಟ್ಯಾಂಕಿನ ತುಕ್ಕು, ಕಪ್ಪು ಚೂರು ಇದ್ದರೆ ಕೊಳೆತ ರಬ್ಬರ್ ಪೈಪು, ಕಪ್ಪು ಲೋಳೆ ಇದ್ದರೆ ಡೀಸೆಲ್‌ನಲ್ಲಿ ಬೆಳೆದ ಜೀವಿಗಳು. ಫಿಲ್ಟರಿನ ಮೇಲಿರುವ ಬಾಣದ ಗುರುತು ಎಂಜಿನ್ ಕಡೆಗಿರಬೇಕು.

"ಗಾಡಿ ಎರಡು ವರ್ಷದಿಂದ ನಿಂತಿದೆ. ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಇದೆ, ಅದರಲ್ಲೇ ಸ್ಟಾರ್ಟ್ ಮಾಡ್ಲಾ?"

ದಯವಿಟ್ಟು ಬೇಡ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶವೇ ತಣ್ಣನೆಯ ಎಂಜಿನ್ ಸ್ಟಾರ್ಟ್ ಆಗಲು ಬೇಕಾದದ್ದು, ಮೊದಲು ಹಾರಿಹೋಗುವುದೂ ಅದೇ. ಉಳಿದದ್ದು ಗಾಳಿಯೊಂದಿಗೆ ಸೇರಿ ಅಂಟಾಗುತ್ತದೆ. ಮೂರರಿಂದ ಆರು ತಿಂಗಳಲ್ಲೇ ಈ ಬದಲಾವಣೆ ಗೊತ್ತಾಗುತ್ತದೆ. ಮೂಸಿ ನೋಡಿದರೆ ಪೆಟ್ರೋಲಿನ ಚುರುಕು ವಾಸನೆ ಹೋಗಿ ವಾರ್ನಿಷ್ ವಾಸನೆ ಬರುತ್ತಿದ್ದರೆ ಅದು ಎಂಜಿನ್ನಿಗೆ ಹೋಗಬಾರದು. ಆ ಅಂಟು ಬಿಸಿ ವಾಲ್ವಿನ ಕಾಂಡಕ್ಕೆ ಹಿಡಿದು ವಾಲ್ವನ್ನೇ ಸಿಕ್ಕಿಸಬಲ್ಲದು. ಪೂರ್ತಿ ಬಸಿಯಿರಿ. ಡೀಸೆಲ್ ಇನ್ನಷ್ಟು ದಿನ ತಾಳುತ್ತದೆ, ಆದರೆ ಅದರ ತಳದಲ್ಲಿ ನೀರಿದೆಯೇ ಎಂದು ನೋಡದೆ ಸ್ಟಾರ್ಟ್ ಮಾಡಬೇಡಿ.

## ಟ್ಯಾಂಕ್ ಮತ್ತು ಪೈಪು

"ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡುತ್ತೆ, ಆಮೇಲೆ ಎಳೆಯೋದೇ ಇಲ್ಲ, ಆಫ್ ಆಗುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಕಾರ್ಬುರೇಟರ್ ಎರಡು ಸಲ ತೊಳೆಸಿದ್ದಾಯ್ತು."

ಕಾರ್ಬುರೇಟರನ್ನು ಅದರ ಪಾಡಿಗೆ ಬಿಡಿ. ಮುಂದಿನ ಸಲ ಆಫ್ ಆದ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆಯಿರಿ. "ಸ್ಸ್" ಎಂದು ಗಾಳಿ ಒಳಕ್ಕೆ ಎಳೆದುಕೊಂಡು, ಗಾಡಿ ಕೂಡಲೇ ಸ್ಟಾರ್ಟ್ ಆದರೆ ಬ್ರೀದರ್ ಕಟ್ಟಿದೆ. ಇಂಧನ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಪಂಪಿಗೆ ಎಳೆಯಲಾಗುವುದಿಲ್ಲ. ಕೆಸರಿನಲ್ಲಿ ಓಡುವ ಗಾಡಿಗಳಲ್ಲಿ ಬ್ರೀದರ್ ಪೈಪಿನ ತುದಿಗೆ ಮಣ್ಣು ಮೆತ್ತುವುದು, ಹುಳು ಗೂಡು ಕಟ್ಟುವುದು ತೀರಾ ಸಾಮಾನ್ಯ. ಬೇರೆ ಮಾಡೆಲ್ಲಿನ ಗಾಳಿ ತೂತಿಲ್ಲದ ಮುಚ್ಚಳ ಹಾಕಿದ್ದರೂ ಹೀಗೇ ಆಗುತ್ತದೆ.

ಮುಚ್ಚಳ ತೆಗೆದರೂ ವ್ಯತ್ಯಾಸ ಕಾಣದಿದ್ದರೆ ಟ್ಯಾಂಕಿನೊಳಗೆ ಯಾವುದೋ ಎಲೆಯ ಚೂರೋ ಸಿಪ್ಪೆಯೆದ್ದ ಲೇಪನವೋ ಎಳೆಯುವ ಪೈಪಿನ ಬಾಯಿಗೆ ಕೂತು, ಎಂಜಿನ್ ನಿಂತಾಗ ಜಾರಿ ಬೀಳುತ್ತಿರಬಹುದು. ಪಂಪಿನ ಕಡೆಯ ಪೈಪು ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆರೆದಿಟ್ಟು, ಹಿಮ್ಮುಖವಾಗಿ ಮೆಲ್ಲಗೆ ಗಾಳಿ ಊದಿ ಟ್ಯಾಂಕಿನಲ್ಲಿ ಗುಳುಗುಳು ಸದ್ದು ಸಲೀಸಾಗಿ ಬರುತ್ತದೆಯೇ ಕೇಳಿ. ಮೂರನೆಯ ಸಾಧ್ಯತೆ ವೇಪರ್ ಲಾಕ್. ಬಿಸಿಲಲ್ಲಿ, ಲೋ ಗೇರಿನಲ್ಲಿ ಹೊತ್ತುಗಟ್ಟಲೆ ಏರು ಹತ್ತಿದಾಗ ಸೈಲೆನ್ಸರ್ ಪಕ್ಕದ ಪೆಟ್ರೋಲ್ ಪೈಪು ಕಾದು ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪೈಪನ್ನು ಶಾಖದಿಂದ ದೂರ ಸರಿಸಿ, ನಡುವೆ ತಗಡಿನ ಮರೆ ಕಟ್ಟಿ.

"ಟ್ಯಾಂಕ್ ಒಳಗೆ ಪೂರ್ತಿ ತುಕ್ಕು. ಹೊಸ ಟ್ಯಾಂಕ್ ಸಿಗ್ತಿಲ್ಲ. ಹೇಗೆ ತೊಳೆಯೋದು?"

ಇದು ತಾಳ್ಮೆ ಬೇಡುವ ಕೆಲಸ. ಟ್ಯಾಂಕ್ ಕೆಳಗಿಳಿಸಿ, ಗೇಜಿನ ಯುನಿಟ್, ಎಳೆಯುವ ಪೈಪು, ಡ್ರೇನ್ ಪ್ಲಗ್ ಎಲ್ಲ ತೆಗೆಯಿರಿ. ಮೊದಲು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಹಲವು ಸಲ ಕುಲುಕಿ ತೊಳೆದು ಇಂಧನದ ಜಿಡ್ಡು ಹೋಗಲಾಡಿಸಿ. ಜಿಡ್ಡಿದ್ದಲ್ಲಿ ಮುಂದಿನ ಯಾವ ದ್ರಾವಣವೂ ಹಿಡಿಯುವುದಿಲ್ಲ.

ಆಮೇಲೆ ಸಡಿಲ ತುಕ್ಕು. ನಟ್ಟು ಬೋಲ್ಟು ಹಾಕಿ ಕುಲುಕಿಸುವ ರೂಢಿ ಇದೆ, ಆದರೆ ಹೆಚ್ಚಿನ ಟ್ಯಾಂಕುಗಳ ಒಳಗೆ ಇಂಧನ ತುಳುಕದಂತೆ ಅಡ್ಡ ತಗಡುಗಳಿರುತ್ತವೆ. ಅವುಗಳ ಹಿಂದೆ ನಟ್ಟು ಸಿಕ್ಕಿಕೊಂಡರೆ ಹೊರಗೆ ತರುವುದು ಕಷ್ಟ. ತೆಳ್ಳನೆಯ ಒಂದು ಮಾರುದ್ದದ ಸರಪಳಿ ಹಾಕಿ, ತುದಿಯನ್ನು ಹೊರಗೆ ತಂತಿಯಿಂದ ಕಟ್ಟಿಟ್ಟು ಕುಲುಕಿ. ಎಳೆದರೆ ಇಡಿಯಾಗಿ ಬರುತ್ತದೆ.

ಅಂಟಿಕೊಂಡ ತುಕ್ಕಿಗೆ ನಾನು ಸೂಚಿಸುವುದು ಸಿಟ್ರಿಕ್ ಆಮ್ಲ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಬೆರೆಸಿ, ಟ್ಯಾಂಕನ್ನು ಕಂಠಮಟ್ಟ ತುಂಬಿ ಒಂದು ರಾತ್ರಿ ಬಿಡಿ. ಬಾಯಿ ತೆರೆದೇ ಇರಲಿ, ಹೈಡ್ರೋಜನ್ ಅನಿಲ ಹೊರಬರುತ್ತದೆ. ಹತ್ತಿರ ಬೆಂಕಿ ಬೇಡ. ಹೈಡ್ರೋಕ್ಲೋರಿಕ್ ಆಮ್ಲ ಬಳಸುವವರಿದ್ದಾರೆ. ಅದು ತುಕ್ಕಿನ ಜೊತೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ, ತೆಳುವಾದ ಬೆಸುಗೆಯ ಅಂಚಿನಲ್ಲಿ ತೂತು ಬೀಳಿಸುತ್ತದೆ, ಬೇಡ. ಸತುವಿನ ಲೇಪನವಿರುವ ಟ್ಯಾಂಕಿಗೆ ಸಿಟ್ರಿಕ್ ಆಮ್ಲವೂ ಸಲ್ಲದು, ಲೇಪನವೇ ಕರಗಿಹೋಗುತ್ತದೆ. ಅಲ್ಯೂಮಿನಿಯಂ ಟ್ಯಾಂಕಿಗೂ ಇದು ಬೇಡ.

ಆಮ್ಲ ಚೆಲ್ಲಿದ ಕೂಡಲೇ ನೀರಿನಿಂದ ತೊಳೆದು, ಅಡುಗೆ ಸೋಡಾ ಕರಗಿಸಿದ ನೀರು ಹಾಕಿ ಕುಲುಕಿ, ಮತ್ತೆ ತೊಳೆಯಿರಿ. ಇಲ್ಲಿಂದ ಮುಂದೆ ಗಡಿಬಿಡಿ ಮಾಡಬೇಕು. ಬೆತ್ತಲಾದ ಕಬ್ಬಿಣಕ್ಕೆ ನಿಮಿಷಗಳಲ್ಲೇ ಹೊಸ ತುಕ್ಕು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಾಕಿ ತಿರುಗಿಸಿದರೆ ಉಳಿದ ನೀರು ಅದರೊಂದಿಗೆ ಬರುತ್ತದೆ. ಅದನ್ನು ಬಸಿದು, ಕಂಪ್ರೆಸರ್ ಗಾಳಿ ಊದಿ ಒಣಗಿಸಿ, ಆಲ್ಕೋಹಾಲ್ ವಾಸನೆ ಪೂರ್ತಿ ಹೋದ ಮೇಲೆ ಡೀಸೆಲ್ ಟ್ಯಾಂಕಾದರೆ ಒಂದಿಷ್ಟು ಡೀಸೆಲ್, ಪೆಟ್ರೋಲ್ ಟ್ಯಾಂಕಾದರೆ ಎರಡು ಹನಿ ಎಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಒಳಗೆಲ್ಲ ಸವರುವಂತೆ ತಿರುಗಿಸಿ. ಒಣಗಿಸಲು ಬ್ಲೋ ಟಾರ್ಚ್ ಬೇಡ. ಒಳಗೆ ಲೇಪಿಸುವ ಸೀಲರ್ ಬಗ್ಗೆ ಕೇಳುತ್ತಾರೆ: ತುಕ್ಕು, ತೇವ ಎಳ್ಳಷ್ಟೂ ಉಳಿಯದಿದ್ದರೆ ಮಾತ್ರ ಹಾಕಿ. ಅರೆಬರೆ ಕೆಲಸದ ಮೇಲೆ ಹಾಕಿದ ಲೇಪನ ಹಾಳೆಯಂತೆ ಎದ್ದು, ತುಕ್ಕಿಗಿಂತ ದೊಡ್ಡ ತಲೆನೋವಾಗುತ್ತದೆ.

"ಟ್ಯಾಂಕಿಗೆ ಸಣ್ಣ ತೂತು. ಖಾಲಿ ಮಾಡಿ ವೆಲ್ಡಿಂಗ್ ಮಾಡಿಸ್ಲಾ?"

ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ತುಂಬಿದ ಟ್ಯಾಂಕಿನಲ್ಲಿ ಉರಿಯಲು ಗಾಳಿಯಿಲ್ಲ. ಖಾಲಿಯಾದದ್ದರಲ್ಲಿ ಆವಿಯೂ ಇದೆ, ಗಾಳಿಯೂ ಇದೆ. ಬೆಸುಗೆಯ ಅಂಚು, ಮಡಿಕೆಗಳಲ್ಲಿ ಉಳಿದ ಇಂಧನ ಕಾವಿಗೆ ಆವಿಯಾಗಿ, ತೊಳೆದ ಟ್ಯಾಂಕುಗಳೂ ಸಿಡಿದು ಜನ ಸತ್ತಿದ್ದಾರೆ. ಇದನ್ನು ಟ್ಯಾಂಕಿಗೆ ಜಡ ಅನಿಲ ತುಂಬಿ ಕೆಲಸ ಮಾಡಲು ಕಲಿತವರಿಗೇ ಬಿಡಿ. ಸೂಜಿಮೊನೆಯ ತೂತಿಗೆ ಇಂಧನ ತಾಳುವ ಎಪಾಕ್ಸಿ ಸಾಕಾಗುತ್ತದೆ, ಆದರೆ ಒಂದು ಕಡೆ ತೂತು ಬಿದ್ದಿದ್ದರೆ ಪಕ್ಕದ ಲೋಹವೂ ತೆಳ್ಳಗಾಗಿರುತ್ತದೆ.

"ಹೊಳೆ ದಾಟಿದ ಮೇಲೆ ಮಿಸ್ ಹೊಡೀತಿದೆ. ನೀರು ಸೇರಿದೆ ಅಂತ ಗೊತ್ತಾಗೋದು ಹೇಗೆ?"

ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಬಸಿದು ಅಲುಗಾಡದಂತೆ ಇಡಿ. ನೀರು ಪೆಟ್ರೋಲ್, ಡೀಸೆಲ್ ಎರಡಕ್ಕಿಂತಲೂ ಭಾರ, ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಡೀಸೆಲ್ ಮಬ್ಬಾಗಿ ಕಂಡರೆ ಅದರಲ್ಲಿ ನೀರಿನ ಕಣಗಳು ತೇಲುತ್ತಿವೆ. ಡೀಸೆಲ್ ಫಿಲ್ಟರಿನ ತಳದ ಡ್ರೇನ್ ಸ್ಕ್ರೂ ಇರುವುದೇ ಇದಕ್ಕೆ. ನೀರು ದಾಟಿ ಬಂದ ದಿನ ಸಡಿಲಿಸಿ ನೋಡುವುದು ಅಭ್ಯಾಸವಾಗಬೇಕು.

ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಸಂಗತಿ ಬೇರೆ. ಎಥೆನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ನೀರು ಕಣ್ಣಿಗೆ ಬೀಳುವುದಿಲ್ಲ. ಶೇ. 10 ಎಥೆನಾಲ್ ಇದ್ದರೆ ಸುಮಾರು ಅರ್ಧ ಶೇಕಡಾ ನೀರಿನವರೆಗೆ ಹೀಗೆ. ಅದು ಮೀರಿದಾಗ ನೀರೂ ಎಥೆನಾಲೂ ಒಟ್ಟಿಗೆ ಬೇರ್ಪಟ್ಟು ತಳ ಸೇರುತ್ತವೆ. ಆಮೇಲೆ ಕುಲುಕಿದರೂ ಪೆಟ್ರೋಲ್ ಸರಿಹೋಗದು, ಪೂರ್ತಿ ತೆಗೆಯಲೇಬೇಕು. ನೀರು ಹೊಕ್ಕ ದಾರಿಯನ್ನೂ ಹುಡುಕಿ: ಮುಚ್ಚಳದ ರಬ್ಬರ್, ಗೇಜ್ ಯುನಿಟ್ಟಿನ ಗ್ಯಾಸ್ಕೆಟ್, ಕೆಳಗೇ ನೇತಾಡುವ ಬ್ರೀದರ್ ಪೈಪು. ಬ್ರೀದರನ್ನು ಬಾನೆಟ್ ಎತ್ತರಕ್ಕೆ ಏರಿಸಿ, ತುದಿಯನ್ನು ಕೆಳಮುಖವಾಗಿ ಬಾಗಿಸಿ ಕಟ್ಟಿ. ತುದಿ ಮಾತ್ರ ಎಕ್ಸಾಸ್ಟಿನಿಂದ, ವೈರುಗಳಿಂದ ದೂರವಿರಲಿ.

"ಎಥೆನಾಲ್ ಪೆಟ್ರೋಲಿಗೆ ಹಳೆ ಗಾಡಿಯ ಪೈಪೆಲ್ಲ ಹಾಳಾಗುತ್ತಂತೆ, ನಿಜವಾ?"

ಹಳೆಯ ರಬ್ಬರಿನ ಮಟ್ಟಿಗೆ ನಿಜ. ಎಥೆನಾಲನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಮಾಡಿದ ಪೈಪು, ಪಂಪಿನ ಡಯಾಫ್ರಂ (ಬಾಗಿ ಬಳುಕುವ ರಬ್ಬರ್ ಹಾಳೆ), ಸೀಲುಗಳು ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರುಕು ಬಿಡುತ್ತವೆ. ಬದಲಾಯಿಸುವಾಗ ಪೈಪಿನ ಮೇಲೆ ಅಚ್ಚಾದ, ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇಯ ಗುಣಮಟ್ಟದ ಗುರುತು ಓದಿ. ಎಸ್‌ಎಇ 30ಆರ್7 ಕಾರ್ಬುರೇಟರ್ ಗಾಡಿಯ ಕಡಿಮೆ ಒತ್ತಡಕ್ಕೆ ಮಾಡಿದ್ದು. 30ಆರ್9 ಒಳಗೆ ಫ್ಲೋರೋ ರಬ್ಬರಿನ ಪದರವಿದ್ದು ಇಂಜೆಕ್ಷನ್ ಒತ್ತಡವನ್ನೂ ಎಥೆನಾಲನ್ನೂ ತಾಳುತ್ತದೆ. ಕಾರ್ಬುರೇಟರ್ ಗಾಡಿಗೂ 30ಆರ್9 ಹಾಕುವುದೇ ಒಳ್ಳೆಯದು. ಟ್ಯಾಂಕಿನ ಒಳಗೆ ಮುಳುಗಿರುವ ಪೈಪಿಗೆ ಇವೆರಡೂ ಆಗದು, ಅಲ್ಲಿಗೆ 30ಆರ್10 ಬೇಕು. ಹೊಸ ಪೈಪನ್ನು ಕತ್ತರಿಸಿದ ಮೇಲೆ ಒಳಗೆ ಊದಿ ರಬ್ಬರ್ ಪುಡಿ ತೆಗೆಯುವುದನ್ನು ಮರೆಯಬೇಡಿ.

ಎಥೆನಾಲ್ ಹಳೆಯ ಅಂಟನ್ನು ಸಡಿಲಿಸುತ್ತದೆ ಕೂಡ. ಮೊದಲ ಒಂದೆರಡು ಟ್ಯಾಂಕಿನ ಹೊತ್ತಿಗೆ ಫಿಲ್ಟರ್ ಕಟ್ಟಿದರೆ ಗಾಬರಿಯಾಗಬೇಡಿ.

## ಕಾರ್ಬುರೇಟರ್

"ಕಾರ್ಬುರೇಟರ್ ನಾನೇ ಬಿಚ್ಚಿ ತೊಳೀತೀನಿ. ಏನು ಜೋಪಾನ ಮಾಡ್ಬೇಕು?"

ಬಿಚ್ಚುತ್ತಾ ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ. ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ಸ್ಥಿತಿ) ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮೊದಲು, ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ ತಳ ಮುಟ್ಟಲು ಎಷ್ಟು ಸುತ್ತು ಬೇಕಾಯಿತೆಂದು ಬರೆದಿಡಿ. ಬಿಗಿಯಾಗಿ ಒತ್ತಿದರೆ ಸೂಜಿಯಂಥ ತುದಿಗೆ ಗೆರೆ ಬಿದ್ದು ಮುಂದೆಂದೂ ಐಡಲ್ ನಿಲ್ಲುವುದಿಲ್ಲ.

ಜೆಟ್ಟಿಗೆ ತಂತಿ ಚುಚ್ಚಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಜೆಟ್ ಹಿತ್ತಾಳೆಯದು, ಮೆದು; ಅದರ ತೂತಿನ ಅಳತೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿರುತ್ತದೆ. ಉಕ್ಕಿನ ತಂತಿ ಒಮ್ಮೆ ಉಜ್ಜಿದರೆ ತೂತು ಅಗಲವಾಗಿ ಗಾಡಿ ಪೆಟ್ರೋಲ್ ಕುಡಿಯಲು ಶುರುಮಾಡುತ್ತದೆ. ಕಾರ್ಬ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ಬಿಡದಿದ್ದರೆ ಪ್ಲಾಸ್ಟಿಕ್ ಬ್ರಷ್ಷಿನ ಒಂದು ಎಳೆ ಸಾಕು. ಎದ್ದು ಕಾಣುವ ಮೇನ್ ಜೆಟ್‌ಗಿಂತ ದೇಹದೊಳಗಿನ ಸಣ್ಣ ಐಡಲ್ ದಾರಿಗಳಲ್ಲೇ ಹೆಚ್ಚು ತೊಂದರೆ. ಕ್ಲೀನರ್ ಸ್ಪ್ರೇ ಒಂದು ತೂತಿನಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುವುದನ್ನು ಕಣ್ಣಾರೆ ಕಂಡ ಮೇಲೆಯೇ ಮುಚ್ಚಿ. ಚಿಮ್ಮುವ ದಿಕ್ಕಿನಲ್ಲಿ ಮುಖ ಇಡಬೇಡಿ. ಡಯಾಫ್ರಂ, ಒ-ರಿಂಗ್, ಪ್ಲಾಸ್ಟಿಕ್ ಫ್ಲೋಟ್ (ಪೆಟ್ರೋಲ್ ಮೇಲೆ ತೇಲಿ ಮಟ್ಟ ಕಾಯುವ ಬುರುಡೆ) ಇವುಗಳನ್ನು ಮೊದಲೇ ಹೊರಗಿಡಿ, ಕ್ಲೀನರ್ ಅವನ್ನು ತಿಂದುಬಿಡುತ್ತದೆ. ಗ್ಯಾಸ್ಕೆಟ್ ಹೊಸದೇ ಇರಲಿ.

"ತೊಳೆದು ಜೋಡಿಸಿದ ಮೇಲೆ ಓವರ್‌ಫ್ಲೋ ಆಗ್ತಿದೆ."

ಫ್ಲೋಟ್ ಏರಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ವಾಲ್ವ್ ಮತ್ತು ಅದರ ಸೀಟಿನ ನಡುವೆ ಕಸ ಕೂತಿರಬಹುದು, ನೀಡಲ್ಲಿನ ತುದಿ ಸವೆದು ಉಂಗುರದ ಗುರುತು ಬಿದ್ದಿರಬಹುದು. ಫ್ಲೋಟ್ ತೂತಾಗಿದೆಯೇ ನೋಡಲು ಅದರಿಂದ ಪೆಟ್ರೋಲ್ ಆರಿದ ಮೇಲೆ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಬರುತ್ತದೆ. ಎಲ್ಲ ಸರಿಯಿದ್ದೂ ಉಕ್ಕುತ್ತಿದ್ದರೆ ಪಂಪಿನ ಒತ್ತಡ ಅಳೆಯಿರಿ. ಹಳೆಯ ಮೆಕ್ಯಾನಿಕಲ್ ಪಂಪುಗಳು ಕೊಡುವುದು ಸುಮಾರು 3ರಿಂದ 6 ಪಿಎಸ್ಐ (ಚದರ ಇಂಚಿಗೆ ಪೌಂಡು). ಅದರ ಜಾಗದಲ್ಲಿ ಇಂಜೆಕ್ಷನ್ ಗಾಡಿಯ ಎಲೆಕ್ಟ್ರಿಕ್ ಪಂಪ್ ಹಾಕಿದ್ದರೆ ಯಾವ ನೀಡಲ್ಲೂ ಅದನ್ನು ತಡೆಯದು.

"ಸಮತಟ್ಟಿನಲ್ಲಿ ಚಿನ್ನದಂಥ ಗಾಡಿ. ಕಡಿದಾದ ಏರಿನಲ್ಲಿ, ಪಕ್ಕಕ್ಕೆ ವಾಲಿದಾಗ ಆಫ್ ಆಗುತ್ತೆ."

ಕಾರ್ಬುರೇಟರಿನ ಫ್ಲೋಟ್ ಬೌಲಿನಲ್ಲಿ (ಫ್ಲೋಟ್ ಇರುವ ಬಟ್ಟಲು) ನಿಂತ ಪೆಟ್ರೋಲು ಗಾಡಿ ವಾಲಿದತ್ತ ಸರಿಯುತ್ತದೆ. ಒಂದು ಕಡೆ ವಾಲಿದರೆ ಜೆಟ್ ಒಣಗುತ್ತದೆ, ಇನ್ನೊಂದು ಕಡೆ ವಾಲಿದರೆ ಪೆಟ್ರೋಲ್ ಎಂಜಿನ್ನಿಗೆ ಉಕ್ಕುತ್ತದೆ. ಫ್ಲೋಟ್ ಎತ್ತರವನ್ನು ಕೈಪಿಡಿಯ ಅಳತೆಗೆ ತಂದರೆ ಎಷ್ಟೋ ಗಾಡಿಗಳು ಸರಿಹೋಗುತ್ತವೆ. ಬೌಲಿನ ಗಾಳಿ ಪೈಪಿನಿಂದ ಪೆಟ್ರೋಲ್ ಉಕ್ಕುತ್ತಿದ್ದರೆ ಅದನ್ನು ಮೇಲಕ್ಕೆ ಏರಿಸಿ. ಟ್ಯಾಂಕಿನಲ್ಲಿ ಇಂಧನ ಕಡಿಮೆಯಿದ್ದು ಎಳೆಯುವ ಪೈಪಿನ ಬಾಯಿ ಗಾಳಿಗೆ ತೆರೆದುಕೊಂಡರೂ ಇದೇ ಲಕ್ಷಣ, ಹಾಗಾಗಿ ಮೊದಲು ಟ್ಯಾಂಕ್ ತುಂಬಿಸಿ ಅದೇ ಏರು ಹತ್ತಿ ನೋಡಿ.

## ಡೀಸೆಲ್

"ಡೀಸೆಲ್ ಫಿಲ್ಟರ್ ಬದಲಾಯಿಸಿದೆ, ಈಗ ಸ್ಟಾರ್ಟೇ ಆಗ್ತಿಲ್ಲ."

ಏರ್ ಹಿಡಿದಿದೆ. ಗಾಳಿ ಅದುಮಿದರೆ ಕುಗ್ಗುತ್ತದೆ, ಆದ್ದರಿಂದ ನಾಜಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈ ಪ್ರೈಮರ್ ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿಯಾದ ಡೀಸೆಲ್ ಬರುತ್ತದೆ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಇಂಜೆಕ್ಷನ್ ಪಂಪಿನ ಬ್ಲೀಡ್ ಸ್ಕ್ರೂನಲ್ಲೂ ಹೀಗೇ ಮಾಡಿ. ಆಮೇಲೂ ಹಿಡಿಯದಿದ್ದರೆ ನಾಜಲ್ ಕಡೆಯ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಡೀಸೆಲ್ ಹನಿಯತೊಡಗಿದ ಮೇಲೆ ನಿಲ್ಲಿಸಿ ಬಿಗಿ ಮಾಡಿ. ಸೆಲ್ಫನ್ನು 10-15 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ನಡುವೆ ಆರಲು ಬಿಡಿ.

ಸನ್ನೆಯಿರುವ ಪ್ರೈಮರಿಗೆ ಒತ್ತಡವೇ ಸಿಗದಿದ್ದರೆ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಪಂಪನ್ನು ನಡೆಸುವ ಕ್ಯಾಮ್ (ಎಂಜಿನ್ನಿನ ಉಬ್ಬಿರುವ ಚಕ್ರ) ಅದನ್ನು ಎತ್ತಿ ಹಿಡಿದಿರುತ್ತದೆ. ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬುವವರು ನಡುವಿನ ತೂತಿನಿಂದ ಸುರಿಯಬಾರದು. ಅದು ಸೋಸಿದ ಡೀಸೆಲ್ ಹೊರಹೋಗುವ ದಾರಿ. ಅಲ್ಲಿ ಸುರಿದದ್ದು ಸೋಸದೆ ನೇರ ಇಂಜೆಕ್ಷನ್ ಪಂಪಿಗೆ ಹೋಗುತ್ತದೆ.

"ಏರ್ ತೆಗೆದು ಓಡಿಸ್ತೀನಿ, ಬೆಳಿಗ್ಗೆ ನೋಡಿದ್ರೆ ಮತ್ತೆ ಏರ್. ಎಲ್ಲೂ ಸೋರ್ತಾ ಇಲ್ಲ!"

ಸೋರದಿರುವುದೇ ಇಲ್ಲಿಯ ಸುಳಿವು. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಭಾಗದಲ್ಲಿ ಎಳೆತವಿರುತ್ತದೆ. ಅಲ್ಲಿ ಸಂದಿಯಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ಹಾಕಿ ಗುಳ್ಳೆ ನೋಡಿ. ಆಮೇಲೆ ಪಕ್ಕದಲ್ಲಿ ಡೀಸೆಲ್ ಕ್ಯಾನ್ ಇಟ್ಟು, ತುಂಡು ಪೈಪಿನಿಂದ ನೇರ ಪಂಪಿಗೆ ಕೊಡಿ. ಗುಳ್ಳೆ ನಿಂತರೆ ತಪ್ಪು ಟ್ಯಾಂಕಿನ ಕಡೆ, ನಿಲ್ಲದಿದ್ದರೆ ಮುಂದಿನ ಕಡೆ. ಹೀಗೆ ಅರ್ಧರ್ಧ ಬೇರ್ಪಡಿಸಿ ಹುಡುಕಿ. ಗಟ್ಟಿಯಾದ ಪೈಪಿನ ತುದಿ, ಎರಡನೇ ಸಲ ಹಾಕಿದ ತಾಮ್ರದ ವಾಷರ್, ಪ್ರೈಮರಿನ ಸೀಲ್, ಫಿಲ್ಟರಿನ ರಬ್ಬರ್ ರಿಂಗ್ ಇವೇ ಸಾಮಾನ್ಯವಾಗಿ ಸಿಗುವ ಕಳ್ಳರು.

"ಫಿಲ್ಟರಿನಲ್ಲಿ ಕಪ್ಪು ಲೋಳೆ ತುಂಬಿದೆ. ಇದೇನು?"

ಡೀಸೆಲ್ ಮತ್ತು ನೀರು ಕೂಡುವ ಗಡಿಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು. ಹಾರ್ಮೊಕೋನಿಸ್ ರೆಸಿನೇ ಎಂಬ ಶಿಲೀಂಧ್ರ ಇದಕ್ಕೆ ಹೆಸರುವಾಸಿ. ಅವುಗಳಿಗೆ ಡೀಸೆಲ್ ಆಹಾರ, ನೀರು ಆಸರೆ. ಡೀಸೆಲ್‌ಗೆಂದೇ ಇರುವ ಬಯೋಸೈಡ್ ಕೊಲ್ಲುತ್ತದೆ, ಆದರೆ ಸತ್ತ ಲೋಳೆಯೂ ಫಿಲ್ಟರ್ ಕಟ್ಟುತ್ತದೆ. ಟ್ಯಾಂಕ್ ತೊಳೆದು, ನೀರು ತೆಗೆದು, ಆಮೇಲೆ ಔಷಧಿ ಹಾಕಿ.

"ನಾಜಲ್ ಬಿಚ್ಚಿ ನಾನೇ ಟೆಸ್ಟ್ ಮಾಡ್ಬಹುದಾ?"

ಬಿಚ್ಚಬಹುದು, ಟೆಸ್ಟ್ ಬೆಂಚ್ ಇರುವಲ್ಲಿಗೇ ಒಯ್ಯಿರಿ. ಪ್ರಿ-ಚೇಂಬರ್ (ಸಿಲಿಂಡರಿಗೆ ಮೊದಲು ಡೀಸೆಲ್ ಚಿಮ್ಮುವ ಪುಟ್ಟ ಕೋಣೆ) ಇರುವ ಹಳೆಯ ಎಂಜಿನ್ನುಗಳ ನಾಜಲ್ ಸಾಮಾನ್ಯವಾಗಿ 100ರಿಂದ 150 ಬಾರ್‌ನಲ್ಲಿ, ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ನಿನವು 200 ಬಾರ್ ಆಸುಪಾಸಿನಲ್ಲಿ ಇಲ್ಲವೇ ಅದಕ್ಕೂ ಮೇಲೆ ತೆರೆಯುತ್ತವೆ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಕಡಿಮೆ. ಆದರೆ ಒಳಗಿನ ಮಾಂಸ ಕೊಳೆತು ಬೆರಳು, ಕೈ ಕತ್ತರಿಸಬೇಕಾಗಿ ಬರುತ್ತದೆ. ಹಾಗಾದರೆ ನೋವಿಗೆ ಕಾಯದೆ ಆಸ್ಪತ್ರೆಗೆ ಓಡಿ, ಒತ್ತಡದ ಡೀಸೆಲ್ ಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ. ಪೈಪಿನಲ್ಲಿ ಸೋರಿಕೆ ಹುಡುಕುವಾಗಲೂ ಬೆರಳು ಬೇಡ, ರಟ್ಟು ಹಿಡಿಯಿರಿ.

ಬಿಚ್ಚುವ ಮೊದಲು ಸುತ್ತಲಿನ ಮಣ್ಣು ತೊಳೆದು ಊದಿ. ತೆರೆದ ಪ್ರತಿ ಬಾಯಿಗೂ ಕೂಡಲೇ ಮುಚ್ಚಳ ಹಾಕಿ. ಯಾವ ಸಿಲಿಂಡರಿನದು ಯಾವುದೆಂದು ಗುರುತು ಹಾಕಿ. ಒಂದರ ಸೂಜಿಯನ್ನು ಇನ್ನೊಂದರ ದೇಹಕ್ಕೆ ಹಾಕಬಾರದು, ಅವು ಜೋಡಿಯಾಗಿಯೇ ಉಜ್ಜಿ ಮಾಡಿದವು. ಕೂರಿಸುವಾಗ ತಳದ ವಾಷರ್ ಹೊಸದಿರಲಿ, ಹಳೆಯದು ಕೆಳಗೆ ಅಂಟಿ ಉಳಿದಿಲ್ಲವೆಂದು ಟಾರ್ಚ್ ಹಾಕಿ ನೋಡಿ.

"ಹಾಗಾದ್ರೆ ಇಂಜೆಕ್ಷನ್ ಪಂಪನ್ನೂ ಬಿಚ್ಚಿ ತೊಳೆಯೋಣವಾ?"

ಬೇಡ. ಡೀಸೆಲನ್ನು ಒತ್ತುವ ಪ್ಲಂಜರ್ ಎಂಬ ಕಡ್ಡಿ ಮತ್ತು ಅದು ಓಡಾಡುವ ಬ್ಯಾರೆಲ್ ನಡುವಿನ ಸಂದಿ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ). ಬಟ್ಟೆಯ ನೂಲೆಳೆ ಸಾಕು ಅದನ್ನು ಹಾಳುಮಾಡಲು. ಹೊರಗಿನಿಂದ ಎರಡು ಸಂಗತಿ ಗಮನಿಸಿ: ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ ಪಂಪಿನಿಂದಲೋ ಫೀಡ್ ಪಂಪಿನಿಂದಲೋ ಡೀಸೆಲ್ ಸೇರುತ್ತಿದೆ, ರೋಟರಿ ಪಂಪಾದರೆ ಅದಕ್ಕೆ ಡೀಸೆಲ್ಲೇ ಎಣ್ಣೆ, ಆದ್ದರಿಂದ ನೀರು ಬೆರೆತ ಡೀಸೆಲ್‌ನಲ್ಲಿ ಒಂದು ನಿಮಿಷವೂ ಓಡಿಸಬೇಡಿ. ಪಂಪ್ ಇಳಿಸಲೇಬೇಕಾದರೆ ಪಂಪಿಗೂ ಎಂಜಿನ್ನಿಗೂ ಅಡ್ಡಲಾಗಿ ಒಂದು ಗೀರು ಗುರುತು ಹಾಕಿಯೇ ಬೋಲ್ಟ್ ಸಡಿಲಿಸಿ. ಮತ್ತೆ ಕೂರಿಸುವಾಗ ಟೈಮಿಂಗ್ ಹತ್ತಿರಕ್ಕಾದರೂ ಬರುತ್ತದೆ.

"ಟ್ಯಾಂಕಿಗೆ ಸುರಿಯೋ ಕ್ಲೀನರ್ ಬಾಟಲಿ ಹಾಕಿದ್ರೆ ಇಷ್ಟೆಲ್ಲ ಬಿಚ್ಚೋದು ತಪ್ಪಲ್ವಾ?"

ಸ್ವಚ್ಛವಾದ ವ್ಯವಸ್ಥೆಯನ್ನು ಸ್ವಚ್ಛವಾಗಿಡಲು ಅದು ನೆರವಾಗುತ್ತದೆ. ನಾಜಲ್, ವಾಲ್ವಿನ ತೆಳು ಅಂಟು ಕರಗೀತು. ತುಕ್ಕು ಕರಗದು, ನೀರು ಮಾಯವಾಗದು, ಬಿರುಕು ಬಿಟ್ಟ ಪೈಪು ಕೂಡಿಕೊಳ್ಳದು. ಗಸಿ ತುಂಬಿದ ಟ್ಯಾಂಕಿಗೆ ಸುರಿದರೆ ತಳದಲ್ಲಿ ಸುಮ್ಮನಿದ್ದ ಕೊಳೆಯೆಲ್ಲ ಎದ್ದು ಫಿಲ್ಟರಿಗೆ ಬರುತ್ತದೆ.

"ಆರು ತಿಂಗಳು ಗಾಡಿ ನಿಲ್ಲಿಸಿ ಹೋಗ್ತಿದ್ದೀನಿ. ಟ್ಯಾಂಕ್ ಖಾಲಿ ಬಿಡ್ಲಾ, ತುಂಬಿಸ್ಲಾ?"

ಲೋಹದ ಟ್ಯಾಂಕಾದರೆ ತುಂಬಿಸಿ. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿ ತಣ್ಣಗಾದಾಗ ಗೋಡೆಗೆ ಹನಿಯಾಗಿ ಕೂತು ತುಕ್ಕು ತರುತ್ತದೆ. ಪೆಟ್ರೋಲ್ ಗಾಡಿಗೆ ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ದ್ರವ) ಬೆರೆಸಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ, ಫ್ಲೋಟ್ ಬೌಲನ್ನು ಮಾತ್ರ ಬಸಿದು ಒಣಗಿಸಿ. ಅಂಟು ಮೊದಲು ಕಟ್ಟುವುದು ಅಲ್ಲೇ. ಡೀಸೆಲ್ ಗಾಡಿಯಲ್ಲಿ ಫಿಲ್ಟರ್ ತಳದ ನೀರು ತೆಗೆದು, ಬಯೋಸೈಡ್ ಬೆರೆಸಿದ ಡೀಸೆಲ್ ನಾಜಲ್‌ವರೆಗೂ ತಲುಪುವಷ್ಟು ಹೊತ್ತು ಎಂಜಿನ್ ಓಡಿಸಿ ನಿಲ್ಲಿಸಿ. ತುಂಬಿಸಿದ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿ.